ಲಜ್ಜೆಯೂ ಸೂತಿಕಾಗಾರವೂ: ಕೊಪ್ಪಳ ಸೀಮೆಯ ಹೆರಿಗೆಯನ್ನು ಕುರಿತ ಬರೆಹಗಳ ಒಂದು ವಿಮರ್ಶೆ

೧

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಮೊದಲಾದ ತಾಲ್ಲೂಕುಗಳ ಸೀಮೆಯು ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳು, ಇಟಗಿಯ ಮಹಾದೇವ ದೇವಾಲಯ, ಆನೆಗುಂದಿಯ ಅವಶೇಷಗಳು, ೧೮೫೮ರಲ್ಲಿ ಮುಂಡರಗಿ ಭೀಮರಾಯನು ಮಡಿದ ಕೊಪ್ಪಳದ ಕೋಟೆ ಇವುಗಳನ್ನು ಕುರಿತು ಬೇಕಾದಷ್ಟು ಬರೆಹಗಳು ಬಂದಿವೆ. ಈಚಿನ ಎರಡು ದಶಕಗಳಲ್ಲಿ ಇದೇ ಸೀಮೆಯು ಬೇರೊಂದು ಕಾರಣದಿಂದ ವಿದ್ವಾಂಸರ ಗಮನವನ್ನು ಸೆಳೆದಿದೆ. ಆ ಕಾರಣವು ಶಾಸನವೂ ಅಲ್ಲ, ಶಿಲ್ಪವೂ ಅಲ್ಲ, ಹೆರಿಗೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಆಶ್ರಯದಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ನಡೆದ ಸಂಶೋಧನೆಯ ಫಲವಾಗಿ ಆಶಾ ಜಾರ್ಜ್, ಅದಿತಿ ಅಯ್ಯರ್, ಗೀತಾ ಸೇನ್ ಇವರು ೨೦೦೫ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಬರೆಹಗಳಲ್ಲಿ ಮೊದಲು ಹೆಸರಿಸತಕ್ಕದ್ದು. ೨೦೧೨ರಲ್ಲಿ ಈ ಜಿಲ್ಲೆಯ ತಾಯಂದಿರ ಮರಣಗಳನ್ನು ಕುರಿತು ಮತ್ತೊಂದು ವರದಿಯೂ, ೨೦೧೮ರಲ್ಲಿ ಹೆರಿಗೆಯ ಕೋಣೆಯಲ್ಲಿ ನಡೆಯುವ ಅವಮಾನಗಳ ಮೂಲಕಾರಣವನ್ನು ಕುರಿತು ಗೀತಾ ಸೇನ್, ಭವ್ಯಾ ರೆಡ್ಡಿ, ಅದಿತಿ ಅಯ್ಯರ್ ಇವರ ಲೇಖನವೂ ಹೊರಬಂದವು.

ಈ ಬರೆಹಗಳನ್ನು ವೈದ್ಯರು ವೈದ್ಯರ ದೃಷ್ಟಿಯಿಂದ ಪರಾಮರ್ಶಿಸುವರು. ಇತಿಹಾಸದ ಅಧ್ಯಾಪಕರಾದ ನಾವು ಇವುಗಳನ್ನು ಆಧಾರಗ್ರಂಥಗಳೆಂದು ಓದಲು ಬಯಸುತ್ತೇವೆ. ಒಂದು ಕಾಲದ ಜನರ ಬಾಳನ್ನು ಅರಿಯಲು ಇವು ಮುಂದಿನ ಇತಿಹಾಸಕಾರನಿಗೆ ಎಷ್ಟರಮಟ್ಟಿಗೆ ನೆರವಾದಾವು, ಯಾವುದನ್ನು ಹೇಳದೆ ಬಿಟ್ಟಾವು ಎಂಬುದೇ ಪ್ರಕೃತ ಪ್ರಶ್ನೆ. ಬಿಟ್ಟುಹೋದ ಸಂಗತಿಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇವೆ. ಹೆರುವಾಗ ತನ್ನ ದೇಹವು ತನ್ನ ಹಿಡಿತವನ್ನು ಮೀರಿ ಮಲಮೂತ್ರಗಳನ್ನು ಹೊರಹಾಕೀತೆಂಬ, ಅದನ್ನು ಪರರು ಕಂಡಾರೆಂಬ ಹೆಂಗಸಿನ ಭಯವೇ ಆ ಸಂಗತಿ. ವಿಷಯವು ಪತ್ರಿಕೆಯ ಘನತೆಗೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಹಾಗೆ ತೋರುವುದೇ ನಮ್ಮ ವಾದಕ್ಕೆ ಮೊದಲನೆಯ ಸಾಕ್ಷಿ.

೨

ಮೊದಲು ಈ ಅಧ್ಯಯನಗಳ ಗುಣವನ್ನು ಹೇಳಬೇಕು. ಬಾಣಂತಿಯರ ಮರಣಕ್ಕೆ ಮನೆಯವರ ಅಜ್ಞಾನ, ಮೂಢನಂಬಿಕೆ, ಆಲಸ್ಯಗಳೇ ಕಾರಣವೆಂದು ಹೇಳಿ ಮುಗಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ೨೦೦೫ರ ಪ್ರಬಂಧವು ಈ ಸುಲಭದ ಉತ್ತರವನ್ನು ಒಪ್ಪಲಿಲ್ಲ. ದುರ್ಬಲವಾದ ಮಾಹಿತಿವ್ಯವಸ್ಥೆ, ನಡುನಡುವೆ ಕಡಿದುಹೋಗುವ ಆರೈಕೆ, ಬೆಂಬಲವಿಲ್ಲದ ಆರೋಗ್ಯ ಕಾರ್ಯಕರ್ತೆಯರು, ಕ್ರಮವಿಲ್ಲದೆ ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಕಳುಹಿಸುವ ರೀತಿ, ವಕ್ರವಾದ ಹೊಣೆಗಾರಿಕೆ ಎಂಬ ಐದು ದೋಷಗಳನ್ನು ಅದು ವ್ಯವಸ್ಥೆಯಲ್ಲಿಯೇ ಗುರುತಿಸಿತು. ತಪ್ಪಿನ ಭಾರವನ್ನು ಸತ್ತವಳ ಮೇಲಿನಿಂದ ಇಳಿಸಿದ್ದು ಸಾಮಾನ್ಯ ಕೆಲಸವಲ್ಲ.

ಈ ಸೀಮೆಯ ಚರಿತ್ರೆಯನ್ನು ಬಲ್ಲವರಿಗೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕೊಪ್ಪಳ, ಯಲಬುರ್ಗಾಗಳು ಸಾಲಾರ್‌ಜಂಗರ ಜಹಗೀರಿಗೆ ಸೇರಿದ್ದವು. ಗಂಗಾವತಿ, ಕುಷ್ಟಗಿಗಳ ಬಹುಭಾಗವು ನಿಜಾಮ ಸರ್ಕಾರದ ಆಡಳಿತಕ್ಕೆ ಒಳಪಟ್ಟಿತ್ತು. ೧೯೫೬ರಲ್ಲಿ ಈ ಪ್ರದೇಶವು ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯವನ್ನು ಸೇರಿತು. ೧೯೯೭ರಲ್ಲಿ ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾಯಿತು. ಹೈದರಾಬಾದು ಕರ್ಣಾಟಕಕ್ಕೆ ವಿಶೇಷ ಸ್ಥಾನಮಾನ ನೀಡುವ ಸಂವಿಧಾನದ ತಿದ್ದುಪಡಿಯು ೨೦೧೨ರಲ್ಲಿ ಅಂಗೀಕೃತವಾಯಿತು. ಕೊಪ್ಪಳಕ್ಕೆ ವೈದ್ಯಕೀಯ ಕಾಲೇಜು ಬಂದುದು ೨೦೧೫ರಲ್ಲಿ. ಇಷ್ಟು ತಡವಾಗಿ ಆಸ್ಪತ್ರೆ ಬಂದ ನಾಡಿನಲ್ಲಿ ಹೆಂಗಸರು ಆಸ್ಪತ್ರೆಗೆ ತಡವಾಗಿ ಬಂದರೆಂದು ದೂರುವುದು ನ್ಯಾಯವಲ್ಲ.

ಗುಣವನ್ನು ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕು. ೨೦೧೨ರ ವರದಿಯು ಮೃತಳ ಬಂಧುಗಳನ್ನು ಪ್ರಶ್ನಿಸಿ ಮರಣದ ಕಾರಣವನ್ನು ನಿರ್ಧರಿಸುವ ಕ್ರಮವನ್ನು ಅನುಸರಿಸಿದೆ. ಈ ಕ್ರಮದಲ್ಲಿ ಮಾತನಾಡುವವರು ಗಂಡ, ಅತ್ತೆ, ತಾಯಿ, ನೆರೆಯವರು. ನೋವು ಯಾವಾಗ ಬಂತು, ಬಂಡಿ ಯಾವಾಗ ಸಿಕ್ಕಿತು, ಯಾವ ಆಸ್ಪತ್ರೆಯಿಂದ ಯಾವ ಆಸ್ಪತ್ರೆಗೆ ಹೋದರು ಎಂಬುದನ್ನು ಇವರು ಹೇಳಬಲ್ಲರು. ಆದರೆ ಲಜ್ಜೆಯು ಅನುಭವಿಸಿದವಳ ಹೊರತು ಮತ್ತೊಬ್ಬರ ಬಾಯಲ್ಲಿ ಬರುವ ವಸ್ತುವಲ್ಲ. ಬದುಕಿ ಉಳಿದವಳೂ ಅದನ್ನು ಸುಲಭವಾಗಿ ಹೇಳಳು, ಸತ್ತವಳಂತೂ ಹೇಳುವಂತಿಲ್ಲ. ಮರಣವನ್ನು ಹುಡುಕಲು ಹೊರಟ ವಿಧಾನಕ್ಕೆ ಲಜ್ಜೆಯು ಸಿಕ್ಕುವುದಿಲ್ಲ. ಇದು ಸಂಶೋಧಕರ ದೋಷವಲ್ಲ; ಆಧಾರದ ಸ್ವಭಾವ.

ಆಧಾರಗಳ ಈ ಸ್ವಭಾವವು ಹೊಸದೂ ಅಲ್ಲ. ಇಟಗಿಯ ದೇವಾಲಯವನ್ನು ಕಟ್ಟಿಸಿದ ಮಹಾದೇವ ದಂಡನಾಯಕನು ತನ್ನ ತಾಯಿಯ ನೆನಪಿಗೂ ಒಂದು ಗುಡಿಯನ್ನು ಕಟ್ಟಿಸಿದನು. ೧೧೧೨ರ ಶಾಸನದ ಕಾಲಕ್ಕೂ ಹಡೆದವಳಿಗೆ ಗೌರವವಿತ್ತು. ಹಡೆದ ಗಳಿಗೆಗೆ ಮಾತ್ರ ಶಾಸನದಲ್ಲಿ ಸ್ಥಳವಿಲ್ಲ. ನಮ್ಮ ಕಾಲದ ಗ್ಯಾಸೆಟಿಯರುಗಳಲ್ಲಿ ಆಸ್ಪತ್ರೆಯ ಹಾಸಿಗೆಗಳ ಲೆಕ್ಕವಿರುತ್ತದೆ. ಹಾಸಿಗೆಯ ಮೇಲೆ ಮಲಗಿದವಳ ಸಂಕೋಚದ ಲೆಕ್ಕವಿರುವುದಿಲ್ಲ.

೩

ಈ ಲಜ್ಜೆಯ ಕಾರಣವನ್ನು ಸ್ಪಷ್ಟವಾಗಿ ತಿಳಿಯದೆ ವಿಮರ್ಶೆ ಮುಂದುವರಿಯಲಾರದು. ಹೆರಿಗೆಯ ಕೊನೆಯ ಘಟ್ಟದಲ್ಲಿ ಶಿಶುವಿನ ತಲೆಯು ಕೆಳಕ್ಕೆ ಇಳಿದು ಗುದನಾಳವನ್ನು ಒತ್ತುತ್ತದೆ. ಆಗ ತಾಯಿಗೆ ಉಂಟಾಗುವ ಒತ್ತಡದ ಅನುಭವವು ಮಲವಿಸರ್ಜನೆಯ ಅನುಭವವನ್ನೇ ಹೋಲುತ್ತದೆ. ಮುಕ್ಕುವಾಗ ಸ್ವಲ್ಪ ಮಲ ಹೊರಬರುವುದು ಸಾಮಾನ್ಯ. ಅದು ರೋಗವೂ ಅಲ್ಲ, ಅಸಭ್ಯತೆಯೂ ಅಲ್ಲ, ತಾಯಿಯು ಸರಿಯಾದ ಸ್ಥಳಕ್ಕೆ ಬಲ ಹಾಕುತ್ತಿದ್ದಾಳೆಂಬುದರ ಗುರುತು. ಮೂತ್ರಾಶಯವು ತುಂಬಿದ್ದರೆ ಶಿಶು ಇಳಿಯುವುದಕ್ಕೆ ಅಡ್ಡಿಯಾಗಬಹುದು. ಆದುದರಿಂದ ಆಗಾಗ ಮೂತ್ರ ಮಾಡಿಸುವುದು ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ. ನೋವಿನ ನಡುವೆ ವಾಯು ಸರಿಯುವುದು, ವಾಂತಿಯಾಗುವುದು, ನೀರು ಒಡೆದು ಬಟ್ಟೆ ತೊಯ್ಯುವುದು ಇವೂ ಹಾಗೆಯೇ. ಸಂಕ್ಷೇಪವಾಗಿ ಹೇಳುವುದಾದರೆ, ಹೆರುವ ಬಲವೂ ವಿಸರ್ಜನೆಯ ಬಲವೂ ಹತ್ತಿರದವು. ಒಂದನ್ನು ಬಿಗಿಹಿಡಿದು ಮತ್ತೊಂದನ್ನು ಬಿಡುವುದು ದೇಹಕ್ಕೆ ಕಷ್ಟ.

ಇಲ್ಲಿ ನಮ್ಮ ಹಳ್ಳಿಗಳ ಜೀವನಕ್ರಮವನ್ನು ನೆನೆಯಬೇಕು. ಮನೆಯಲ್ಲಿ ಶೌಚಗೃಹವಿಲ್ಲದ ಕಡೆ ಹೆಂಗಸರು ಬಯಲಕಡೆಗೆ ಹೋಗುವುದು ಬೆಳಕು ಹರಿಯುವ ಮೊದಲು, ಇಲ್ಲವೆ ಕತ್ತಲೆ ಕವಿದ ಮೇಲೆ. ಹಗಲೆಲ್ಲ ತಡೆದುಕೊಳ್ಳಬೇಕು, ತಡೆಯಲು ನೀರನ್ನು ಕಡಮೆ ಕುಡಿಯಬೇಕು. ದಾರಿಯಲ್ಲಿ ಗಂಡಸು ಸುಳಿದರೆ ತಟ್ಟನೆ ಎದ್ದು ನಿಲ್ಲಬೇಕು. ಬಾಲ್ಯದಿಂದ ಹೆಣ್ಣುಮಗಳಿಗೆ ಕಲಿಸುವ ಪಾಠವು ತಡೆಯುವ ಪಾಠ. ಕೊಪ್ಪಳ ಜಿಲ್ಲೆಯ ಹದಿನಾರು ವರ್ಷದ ಬಾಲಕಿಯೊಬ್ಬಳು ಮನೆಗೆ ಶೌಚಗೃಹ ಬೇಕೆಂದು ತನ್ನ ಮನೆಯವರ ವಿರುದ್ಧವೇ ಸತ್ಯಾಗ್ರಹಕ್ಕೆ ಕುಳಿತ ಸಂಗತಿಯು ೨೦೧೬ರ ಆಗಸ್ಟ್ ತಿಂಗಳಲ್ಲಿ ಪ್ರಧಾನಮಂತ್ರಿಗಳ ಆಕಾಶವಾಣಿ ಭಾಷಣದಲ್ಲಿ ಪ್ರಸ್ತಾಪವಾಯಿತು. ಆ ಹಟದ ಹಿಂದೆ ಎಷ್ಟು ತಲೆಮಾರುಗಳ ತಡೆಯುವಿಕೆ ಇತ್ತೆಂಬುದನ್ನು ಇತಿಹಾಸಕಾರನು ಯೋಚಿಸಬೇಕು.

ಹೀಗೆ ಜೀವಮಾನವೆಲ್ಲ ಕತ್ತಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ನಡೆಸಿಕೊಂಡು ಬಂದ ಕ್ರಿಯೆಯನ್ನು ಒಂದು ದಿನ ಉರಿಯುವ ದೀಪದ ಕೆಳಗೆ, ಎತ್ತರದ ಮೇಜಿನ ಮೇಲೆ, ಅಪರಿಚಿತರ ಎದುರಿಗೆ ತಡೆಯದೆ ಬಿಡೆಂದು ಹೇಳಿದರೆ ಅವಳ ದೇಹವು ಒಡನೆ ಒಪ್ಪೀತೆ? ಮುಕ್ಕೆಂದು ಹೇಳಿದಾಗ ಮುಕ್ಕದವಳನ್ನು ಹಟಮಾರಿಯೆಂದು ಗದರಿಸುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಕಡೆಯ ಗಳಿಗೆಯವರೆಗೆ ಮನೆಯಲ್ಲಿಯೇ ನೋವು ನುಂಗುವ ಹೆಂಗಸನ್ನು ಅಜ್ಞಾನಿಯೆನ್ನುವುದಕ್ಕಿಂತ, ಅವಳು ತನ್ನ ಮಾನವನ್ನು ಕಾಯುತ್ತಿದ್ದಾಳೆಂದು ತಿಳಿಯುವುದು ಸತ್ಯಕ್ಕೆ ಹತ್ತಿರವೆಂದು ನಮ್ಮ ಅಭಿಪ್ರಾಯ.

೪

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಈ ಲಜ್ಜೆಯು ನಮ್ಮ ಸಂಸ್ಕೃತಿಯಲ್ಲಿ ಅನಾದಿಯಾದುದಲ್ಲವೆ, ಅದನ್ನು ಪ್ರಶ್ನಿಸುವುದು ಪಾಶ್ಚಾತ್ಯರ ಅನುಕರಣವಲ್ಲವೆ ಎಂದು ಕೆಲವರು ಕೇಳಬಹುದು. ಪ್ರಾಚೀನ ಗ್ರಂಥಗಳು ಈ ಮಾತಿಗೆ ಬೆಂಬಲ ಕೊಡುವುದಿಲ್ಲ.

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸೂತಿಕಾಗಾರದ ವರ್ಣನೆಯಿದೆ. ಒಂಬತ್ತನೆಯ ತಿಂಗಳಿಗೆ ಮುಂಚೆ ಅದನ್ನು ಸಿದ್ಧಮಾಡಬೇಕು. ಅದರಲ್ಲಿ ಬೆಂಕಿಗೆ, ನೀರಿಗೆ, ಒರಳಿಗೆ, ಸ್ನಾನಕ್ಕೆ, ಅಡುಗೆಗೆ ಸ್ಥಳವಿರಬೇಕೆಂದು ಹೇಳುವ ಗ್ರಂಥಕಾರನು ಮಲವಿಸರ್ಜನೆಯ ಸ್ಥಳವನ್ನೂ ಅದೇ ಉಸಿರಿನಲ್ಲಿ ಹೇಳುತ್ತಾನೆ. ಅವನಿಗೆ ಅದು ಮರೆಮಾಚುವ ಸಂಗತಿಯಲ್ಲ; ಒರಳಿನಂತೆ, ನೀರಿನಂತೆ ಹೆರಿಗೆಯ ಮನೆಗೆ ಬೇಕಾದ ಒಂದು ಏರ್ಪಾಡು. ಹೆರುವವಳ ಸುತ್ತ ಇರತಕ್ಕವರು ಹಲವು ಸಲ ಹೆತ್ತ ಅನುಭವವುಳ್ಳ, ಸ್ನೇಹಪರರಾದ, ಕ್ಲೇಶವನ್ನು ಸಹಿಸಬಲ್ಲ, ಅವಳಿಗೆ ಇಷ್ಟರಾದ ಹೆಂಗಸರಾಗಿರಬೇಕೆಂದೂ ಅಲ್ಲಿ ವಿಧಿಸಿದೆ. ಇನ್ನೂ ಗಮನಾರ್ಹವಾದ ಸಂಗತಿಯೊಂದುಂಟು. ನೋವು ಬಾರದೆ ಮುಕ್ಕಬಾರದು, ಬಂದಾಗ ತಡೆಯಬಾರದು ಎಂಬುದನ್ನು ತಿಳಿಸಲು ಗ್ರಂಥಕಾರನು ಕೊಡುವ ದೃಷ್ಟಾಂತವೇ ಸೀನು, ತೇಗು, ವಾಯು, ಮೂತ್ರ, ಮಲ ಇವುಗಳ ವೇಗದ್ದು. ಹೆರಿಗೆಯನ್ನು ದೇಹದ ಇತರ ವೇಗಗಳ ಪಂಕ್ತಿಯಲ್ಲಿಯೇ ಕೂರಿಸಿ ಅವನು ಮಾತನಾಡಿದ್ದಾನೆ.

ಆದರೆ ಒಂದು ಗ್ರಂಥದ ವಿಧಿಯನ್ನು ಒಂದು ಸಮಾಜದ ಆಚಾರವೆಂದು ತಿಳಿಯುವ ತಪ್ಪನ್ನು ನಾವು ಮಾಡಬಾರದು. ಚರಕನ ಸೂತಿಕಾಗಾರವು ಅನುಕೂಲವಂತರ ಮನೆಯದು. ಬಡವರ ಮನೆಯಲ್ಲಿ ಅಷ್ಟು ಏರ್ಪಾಡುಗಳಿಗೆ ಜಾಗವೆಲ್ಲಿ? ಅಷ್ಟನ್ನು ಒಪ್ಪಿಕೊಂಡರೂ, ಸಾರ್ವಜನಿಕ ದಾನದಿಂದ ಹೆರಿಗೆಗೆ ಸ್ಥಳ ಕಲ್ಪಿಸುವ ಯೋಚನೆ ದಕ್ಷಿಣದೇಶಕ್ಕೆ ಅಪರಿಚಿತವಾಗಿರಲಿಲ್ಲ. ಕಾಕತೀಯ ರುದ್ರಮದೇವಿಯ ಕಾಲದ, ೧೨೬೧ರ ಮಲ್ಕಾಪುರದ ಶಾಸನವು ಒಂದು ಶೈವಮಠಕ್ಕೆ ಸಂಬಂಧಿಸಿದ ದತ್ತಿಯಲ್ಲಿ ಆರೋಗ್ಯಶಾಲೆಯೊಡನೆ ಪ್ರಸೂತಿಶಾಲೆಯನ್ನೂ ಹೆಸರಿಸುತ್ತದೆ. ಹೆರಿಗೆಯು ಕಲ್ಲಿನಲ್ಲಿ ಕಡೆಯಲು ನಾಚುವ ಮಾತಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟ.

೫

ಇನ್ನೊಂದು ಗೊಂದಲವನ್ನು ಬಿಡಿಸಬೇಕಾಗಿದೆ. ನಮ್ಮಲ್ಲಿ ಹೆರಿಗೆಯ ಮೈಲಿಗೆಯನ್ನು ಕುರಿತು ಬರೆದವರು ಸೂತಕವನ್ನೂ ಲಜ್ಜೆಯನ್ನೂ ಒಂದಾಗಿ ನೋಡುವುದುಂಟು. ಇವೆರಡೂ ಬೇರೆ. ಪುರುಡು ಅಥವಾ ಜನನಸೂತಕವು ಹೆರಿಗೆಯಾದ ಮೇಲೆ ತೊಡಗುತ್ತದೆ. ಅದಕ್ಕೆ ದಿನಗಳ ಲೆಕ್ಕವುಂಟು. ಸ್ನಾನದಿಂದ, ಶುದ್ಧಿಯಿಂದ ಅದು ಕಳೆಯುತ್ತದೆ. ಮನೆಯವರೆಲ್ಲರನ್ನೂ ಅದು ತಟ್ಟುತ್ತದೆ. ಲಜ್ಜೆಯಾದರೋ ಹೆರಿಗೆಗೆ ಮೊದಲೇ ತೊಡಗುತ್ತದೆ. ಅದಕ್ಕೆ ದಿನದ ಲೆಕ್ಕವಿಲ್ಲ. ಯಾವ ಸ್ನಾನದಿಂದಲೂ ಅದು ತೊಳೆದುಹೋಗದು. ಹೆತ್ತವಳೊಬ್ಬಳನ್ನೇ ಅದು ಹಿಡಿದಿರುತ್ತದೆ.

ಹನ್ನೆರಡನೆಯ ಶತಮಾನದ ಶರಣರ ಮಾರ್ಗವು ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನು ನಿರಾಕರಿಸಿತು. ಗವಿಮಠದ ಪ್ರಭಾವವಿರುವ ಕೊಪ್ಪಳ ಸೀಮೆಯಲ್ಲಿ ಈ ತತ್ತ್ವವು ಪುಸ್ತಕದ ಮಾತಲ್ಲ. ಆದರೆ ಸೂತಕವನ್ನು ನಿರಾಕರಿಸಿದ ಮಾತ್ರಕ್ಕೆ ಲಜ್ಜೆಯು ನಿರಾಕೃತವಾಗಲಿಲ್ಲ. ಅಕ್ಕಮಹಾದೇವಿಯು ದೇಹದ ಲಜ್ಜೆಯನ್ನು ನೇರವಾಗಿ ಎದುರಿಸಿದಳು, ನಿಜ. ಅವಳದು ತಾನೇ ಆರಿಸಿಕೊಂಡ ತ್ಯಾಗ. ಹೆರಿಗೆಯ ಮೇಜಿನ ಮೇಲೆ ಮಲಗಿದ ಹೆಂಗಸಿಗೆ ಆಯ್ಕೆಯಿಲ್ಲ. ಅವಳ ಬಟ್ಟೆಯನ್ನು ಸರಿಸುವವರು ಬೇರೆಯವರು. ಆರಿಸಿಕೊಂಡ ದಿಗಂಬರತ್ವವನ್ನು ತೋರಿಸಿ ಹೇರಿದ ಬೆತ್ತಲೆಯನ್ನು ಸಹಿಸೆಂದು ಹೇಳಲಾಗದು.

ಕುಷ್ಟಗಿಯಿಂದ ಒಂದು ಹಗಲಿನಲ್ಲಿ ಹೋಗಿಬರಬಹುದಾದ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಒಂದು ಶಿಲ್ಪವಿದೆ. ಚಾಳುಕ್ಯರ ಕಾಲದ್ದು. ತಲೆಯ ಸ್ಥಳದಲ್ಲಿ ಕಮಲ. ಕಾಲುಗಳು ಮಡಿಸಿ ಅಗಲಿಸಿದ ಭಂಗಿಯಲ್ಲಿವೆ. ಇದನ್ನು ಇಂದು ಲಜ್ಜಾಗೌರಿ ಎನ್ನುತ್ತಾರೆ. ಐಹೊಳೆಯ ಸಮೀಪದ ಸಿದ್ಧನಕೊಳ್ಳದಲ್ಲಿ ಇಂಥ ಮೂರ್ತಿಗೆ ಸಂತಾನಾಪೇಕ್ಷಿಗಳು ಪೂಜೆ ಸಲ್ಲಿಸುತ್ತಾರೆ. ಸ್ಟೆಲ್ಲಾ ಕ್ರಾಮ್‌ರಿಷ್ ೧೯೫೬ರಲ್ಲಿ ಇದನ್ನು ಋಗ್ವೇದದ ಉತ್ತಾನಪಾದ ಅದಿತಿಯೊಡನೆ ಸಂಬಂಧಿಸಿದರು, ರಾ. ಚಿಂ. ಢೇರೆಯವರು ಮರಾಠಿಯಲ್ಲಿ ಪ್ರತ್ಯೇಕ ಗ್ರಂಥವನ್ನೇ ಬರೆದರು. ಕ್ಯಾರೊಲ್ ಬೋಲನ್ ೧೯೯೨ರ ಗ್ರಂಥದಲ್ಲಿ ಇದರ ರೂಪಭೇದಗಳನ್ನು ವಿಂಗಡಿಸಿದರು. ಭಂಗಿಯು ಹೆರಿಗೆಯದೋ, ಸಮೃದ್ಧಿಯ ಸಂಕೇತವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ನಮ್ಮ ವಾದಕ್ಕೆ ಆ ನಿರ್ಣಯವು ಅಗತ್ಯವಿಲ್ಲ. ಶಿಲ್ಪಿಯು ಏನನ್ನೂ ಮುಚ್ಚಲಿಲ್ಲ. ಶಿಲ್ಪದಲ್ಲಿ ಎಲ್ಲಿಯೂ ಕಾಣದ ಲಜ್ಜೆಯು ಹೆಸರಿನಲ್ಲಿ ಕಾಣುತ್ತದೆ. ದೇವಿಯು ನಾಚಿ ಮುಖವನ್ನು ಮರೆಸಿಕೊಂಡಳೆಂಬ ಕಥೆಯು ನೋಡುವವನ ಸಂಕೋಚಕ್ಕೆ ಸಮಾಧಾನ ಹೇಳುತ್ತದೆ. ನೋಡುವವನ ಲಜ್ಜೆಯನ್ನು ನೋಡಿಸಿಕೊಳ್ಳುವವಳ ಮೇಲೆ ಹೊರಿಸಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

೬

ಈ ಹೊರಿಸುವಿಕೆಯು ಕಲ್ಲಿನ ಮೂರ್ತಿಯೊಡನೆ ನಿಲ್ಲಲಿಲ್ಲ. ಆಸ್ಪತ್ರೆಯ ಹೆರಿಗೆಯಲ್ಲಿ ಬಹುಕಾಲ ಒಂದು ಪದ್ಧತಿ ಇತ್ತು: ನೋವು ತೊಡಗಿ ಬಂದವಳಿಗೆ ಎನಿಮಾ ಕೊಟ್ಟು ಕರುಳನ್ನು ಬರಿದುಮಾಡುವುದು, ಕೂದಲನ್ನು ಬೋಳಿಸುವುದು. ಶುಚಿತ್ವ ಇದರ ಉದ್ದೇಶವೆಂದು ಹೇಳುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯು ೧೯೯೬ರಲ್ಲಿ ಸಹಜ ಹೆರಿಗೆಯ ಆರೈಕೆಯನ್ನು ಕುರಿತು ಪ್ರಕಟಿಸಿದ ಪುಸ್ತಕದಲ್ಲಿ ಈ ಎರಡನ್ನೂ ಹಾನಿಕರ ಅಥವಾ ನಿಷ್ಫಲವಾದ, ಕೈಬಿಡತಕ್ಕ ಪದ್ಧತಿಗಳ ಪಟ್ಟಿಗೆ ಸೇರಿಸಿತು. ಹೆಂಗಸಿಗೆ ಪ್ರಯೋಜನವಿಲ್ಲದ ಕ್ರಮವು ಅಷ್ಟು ಕಾಲ ಉಳಿದುದರಲ್ಲಿ ನೋಡುವವರ ಜುಗುಪ್ಸೆಗೂ ಪಾಲಿತ್ತೆಂದು ಊಹಿಸಿದರೆ ತಪ್ಪಾಗಲಾರದು.

ಹೆರಿಗೆಯ ಕೋಣೆಯ ಅವಮಾನಗಳನ್ನು ಬೌಸರ್ ಮತ್ತು ಹಿಲ್ ಎಂಬವರು ೨೦೧೦ರಲ್ಲಿ ಏಳು ಬಗೆಯಾಗಿ ವಿಂಗಡಿಸಿದರು. ಗೋಪ್ಯತೆಯಿಲ್ಲದ ಆರೈಕೆ, ಘನತೆಯಿಲ್ಲದ ಆರೈಕೆ ಎಂಬ ಎರಡು ಬಗೆಗಳು ಅವುಗಳಲ್ಲಿ ಸೇರಿವೆ. ಮೊದಲು ಹೇಳಿದ ೨೦೧೮ರ ಲೇಖನವು, ಅವಮಾನಗಳನ್ನು ಎಣಿಸಿದರೆ ಸಾಲದು, ಅವುಗಳ ಬೇರು ಸಾಮಾಜಿಕ ಅಸಮಾನತೆಯಲ್ಲಿಯೂ ವೈದ್ಯಸಂಸ್ಥೆಗಳ ರಚನೆಯಲ್ಲಿಯೂ ಇದೆಯೆಂದು ವಾದಿಸುತ್ತದೆ. ಈ ವಾದವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಆದರೆ ಒಂದು ಮಾತನ್ನು ಸೇರಿಸುವುದು ಅವಶ್ಯ. ಬೈದವರಿಲ್ಲದೆಯೂ ಅವಮಾನವಾಗಬಲ್ಲದು. ದಾದಿಯು ಒಂದು ಮಾತೂ ಆಡದೆ ಒರಸಿ ಹೋದರೂ ಮಲಗಿದವಳು ನಾಚಿಕೆಯಿಂದ ಕಣ್ಣು ಮುಚ್ಚಿಕೊಳ್ಳಬಹುದು. ಅಂಥವಳ ಅನುಭವವು ದುರ್ವರ್ತನೆಯ ಪಟ್ಟಿಯಲ್ಲಿ ಬರಲಾರದು. ಇದು ಸಹಜ, ಎಲ್ಲರಿಗೂ ಆಗುವುದು ಎಂಬ ಒಂದು ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ಅದು ನೀಗುತ್ತಿತ್ತು. ಹೇಳದೆ ಉಳಿದ ಮಾತೂ ಆರೈಕೆಯ ಲೋಪವೇ.

ಭಾರತ ಸರ್ಕಾರವು ೨೦೧೬ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರುವವಳೊಡನೆ ಒಬ್ಬ ಸಂಗಾತಿಯಿರಲು ಅವಕಾಶ ಕೊಡುವ ಮಾರ್ಗಸೂಚಿಯನ್ನು ಹೊರಡಿಸಿತು. ೨೦೧೭ರಲ್ಲಿ ಹೆರಿಗೆಯ ಕೋಣೆಗಳ ಗುಣಮಟ್ಟವನ್ನು ಉತ್ತಮಪಡಿಸುವ ‘ಲಕ್ಷ್ಯ’ ಎಂಬ ಕಾರ್ಯಕ್ರಮವು ತೊಡಗಿತು. ಹಲವು ಸಲ ಹೆತ್ತ ಇಷ್ಟಜನರು ಜೊತೆಗಿರಲೆಂಬ ಚರಕನ ವಿಧಿಯು ಸುತ್ತುಹೊಡೆದು ಸರ್ಕಾರದ ಆಜ್ಞೆಯಾಗಿ ಹಿಂದಿರುಗಿದಂತಾಯಿತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ಣಾಟಕದ ಹೆರಿಗೆಗಳಲ್ಲಿ ನೂರಕ್ಕೆ ೯೭ರಷ್ಟು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಇದು ಸಂತೋಷದ ಸಂಗತಿ. ಇದರ ಅರ್ಥವೇನೆಂದರೆ, ಒಂದೆರಡು ತಲೆಮಾರುಗಳೊಳಗೆ ಹೆರಿಗೆಯು ಸೂಲಗಿತ್ತಿಯ ಕೈಯಿಂದಲೂ ಮನೆಯ ಮೂಲೆಯ ಮಬ್ಬಿನಿಂದಲೂ ಅಪರಿಚಿತರ ಬೆಳಕಿಗೆ ಬಂದಿದೆ. ೨೦೧೮ರಲ್ಲಿ ಪದ್ಮಶ್ರೀ ಪಡೆದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು ನಾಡು ಹೊಗಳಿದಾಗ ಅವರು ಮಾಡಿಸಿದ ಹೆರಿಗೆಗಳ ಸಂಖ್ಯೆಯನ್ನು ಹೇಳಿತು. ನಾಚಿದ ಚೊಚ್ಚಲ ಬಸುರಿಗೆ ಅವರಂಥವರು ಹೇಳುತ್ತಿದ್ದ ಧೈರ್ಯದ ಮಾತು ಸಂಖ್ಯೆಯಲ್ಲಿ ಬಾರದು. ಕೌಶಲವು ಆಸ್ಪತ್ರೆಗೆ ಹೋಯಿತು, ಒಳ್ಳೆಯದಾಯಿತು. ಆ ಮಾತೂ ಕೂಡ ಹೋಯಿತೆ ಎಂದು ಕೇಳಬೇಕು.

೭

ಈ ಲೇಖನವನ್ನು ಬರೆಯುವಾಗ ನಮಗೂ ಪದಗಳು ತೊಡಕಾದುವೆಂಬುದನ್ನು ಮರೆಮಾಚುವುದಿಲ್ಲ. ಮಲ, ಮೂತ್ರ, ವಿಸರ್ಜನೆ ಎಂಬ ಸಂಸ್ಕೃತಪದಗಳ ಮರೆಯಲ್ಲಿ ನಿಂತು ಮಾತನಾಡಿದ್ದೇವೆ. ಮನೆಯಲ್ಲಿ ಆಡುವ ಮಾತುಗಳನ್ನು ಬರೆಯಲು ಕೈ ಹಿಂಜರಿಯಿತು. ‘ಹಡೆದವ್ವ’ ಎಂದು ತಾಯಿಯನ್ನು ಎದೆ ತುಂಬಿ ಕರೆಯುವ ಈ ಸೀಮೆಯ ಕನ್ನಡದಲ್ಲಿ ಹಡೆಯುವುದು ಹೆಮ್ಮೆಯ ಶಬ್ದ. ಹಡೆಯುವಾಗ ನಡೆಯುವುದೆಲ್ಲ ಬಾಯಿಗೆ ಬಾರದ ಶಬ್ದ. ವೈದ್ಯನಿಗೂ ಹೆಂಗಸಿಗೂ ನಡುವೆ ಒಂದು ಪ್ರಶ್ನೆ ಹುಟ್ಟಬೇಕಾದರೆ ಇಬ್ಬರಿಗೂ ಆಡಬರುವ ಮಾತು ಬೇಕು. ಅದು ಇಲ್ಲದಾಗ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ.

ಒಟ್ಟಿನಲ್ಲಿ ನಮ್ಮ ವಿಮರ್ಶೆಯ ಸಾರ ಇಷ್ಟು. ಕೊಪ್ಪಳ ಸೀಮೆಯ ಹೆರಿಗೆಯನ್ನು ಕುರಿತ ಅಧ್ಯಯನಗಳು ತಪ್ಪಿನ ಭಾರವನ್ನು ಹೆಂಗಸರ ಮೇಲಿನಿಂದ ಇಳಿಸಿ ಉಪಕಾರ ಮಾಡಿವೆ. ಅವು ಮರಣದ ಮೂಲಕ ಹೆರಿಗೆಯನ್ನು ನೋಡಿದುದರಿಂದ ಬದುಕಿ ಉಳಿದವರ ಲಜ್ಜೆಯು ಅವುಗಳ ಬಲೆಗೆ ಬೀಳಲಿಲ್ಲ. ಆ ಲಜ್ಜೆಯು ಧರ್ಮದ ವಿಧಿಯಲ್ಲ, ಸೂತಕವಲ್ಲ, ಪ್ರಾಚೀನರೆಲ್ಲರೂ ಒಪ್ಪಿದ ಸಂಪ್ರದಾಯವೂ ಅಲ್ಲ. ಕತ್ತಲೆಯಲ್ಲಿ ತಡೆದುಕೊಳ್ಳುವುದನ್ನು ಕಲಿಸಿದ ಬಾಳಿನಿಂದ, ಮರೆಯಿಲ್ಲದ ಕೋಣೆಯಿಂದ, ಆಡದೆ ಉಳಿದ ಮಾತಿನಿಂದ ಅದು ಬೆಳೆದಿದೆ. ಹೀಗೆ ಬೆಳೆದುದನ್ನು ಕಡಮೆ ಮಾಡುವುದೂ ಸಾಧ್ಯ: ಒಂದು ಪರದೆ, ಇಷ್ಟವಾದ ಒಬ್ಬಳ ಸಂಗ, ತಿಂಗಳ ತಪಾಸಣೆಗೆ ಬಂದಾಗಲೇ ಹೇಳಿದ ಒಂದು ಮಾತು.

ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇದು. ಕೈಫಿಯತ್ತುಗಳನ್ನು ಹುಡುಕಿಕೊಂಡು ಊರೂರಿಗೆ ಹೋಗುವಂತೆ, ವಿದ್ಯಾರ್ಥಿನಿಯರು ತಮ್ಮ ಅಜ್ಜಿಯರ ಬಳಿ ಕುಳಿತು ಅವರ ಹೆರಿಗೆಗಳ ವೃತ್ತಾಂತವನ್ನು, ಅವರು ಒಪ್ಪಿದಷ್ಟನ್ನು, ಹೆಸರು ಬಯಲಾಗದಂತೆ ಬರೆದುಕೊಳ್ಳಲಿ. ಮನೆಯಲ್ಲಿ ಹೆತ್ತವರು ದಿನದಿನಕ್ಕೆ ಕಡಮೆಯಾಗುತ್ತಿದ್ದಾರೆ. ಶಾಸನಗಳು ಇನ್ನೂ ಸಾವಿರ ವರ್ಷ ಕಾದಾವು, ಅಜ್ಜಿಯರು ಕಾಯುವುದಿಲ್ಲ.